ಚೀಲಕ್ಕ ಒಂದು ಪಾಯಲಿ

ನಮ್ಮ ಸಾಲಿ ಬಾಗಲ ಬಾಜೂಕ ಒಂದು ಶಹಾಬಾದಿ ಫರ್ಸಿ ಕಲ್ಲು ನಿಂದ್ರಿಸೀವಿ. ಆಳೆತ್ತರ ಅದ, ಎರಡು ಮೊಳ ಅಗಲ, ಒಂದು ಮೈ ನುಣ್ಣಗ ಪಾಲಿಶ್ ಹೊಡದದ್ದು. ನಟ್ಟನಡುವ ಬಿಳಿ ಪೇಂಟಿನ್ಯಾಗ ಗೆರಿ ಎಳದು ಎಡಕ್ಕ ಜಮಾ, ಬಲಕ್ಕ ಖರ್ಚು ಅಂತ ಬರದೀವಿ. ಪ್ರತಿ ತಿಂಗಳ ಒಂದನೇ ತಾರೀಖಿಗಿ ನಾನೇ ಚಾಕ್‌ಪೀಸ್ ಹಿಡದು ನಿಂತು ಬರೀತೀನಿ, ಎಷ್ಟು ತೊಗರಿ ಬಂತು, ಗಂಜ್ ಪೇಟ್ಯಾಗ ಎಷ್ಟಕ್ಕ ಹೋಯ್ತು, ಮಾಸ್ತರ್ ಪಗಾರ ಎಷ್ಟು, ಕರೆಂಟ್ ಬಿಲ್ ಎಷ್ಟು, ಕಸಬರಗಿ ತಂದಿದ್ದು ಎಷ್ಟು, ಎಲ್ಲಾ. ಓದ್ಲಾಕ ಬರೋರು ಓದ್ತಾರ, ಬರದಿದ್ದೋರು ಮಗಳನ್ನ ನಿಂದ್ರಿಸಿ ಓದಿಸ್ಕೋತಾರ. ಈ ಸಲ ರಾಶಿ ಮುಗದು ಲೆಕ್ಕ ಬರದು ಕೈ ಝಾಡಿಸಿಕೊಂಡಾಗ, ಇಂಥಾ ಕಲ್ಲು ಈಗ ನಮ್ಮ ಐದು ಸಾಲಿ ಮುಂದ ನಿಂತಾವಲ್ಲ, ಇದೆಲ್ಲ ಹೆಂಗಾತು ಅನ್ನೋದು ಒಮ್ಮೆ ಕುಂತು ಬರದಿಡಬೇಕು ಅನಸ್ತು.

ನಮ್ಮದು ಕಲಬುರಗಿ ಜಿಲ್ಲಾದ ಚಿತ್ತಾಪುರ ತಾಲೂಕಿನ ಸಣ್ಣ ಊರು. ಕಾಗಿಣಾ ಹೊಳಿ ಭಾಳ ದೂರಿಲ್ಲ, ಅರ್ಧ ಊರು ತೊಗರಿ ಬೆಳೀತದ, ಇನ್ನರ್ಧ ಊರು ಕಲ್ಲಿನ ಖಣಿ ಕೆಲಸಕ್ಕೋ ಪುಣೆ ಮುಂಬೈಗೋ ಹೋಗ್ತದ. 2009ರಾಗ ನಾನು ಡಿ.ಎಡ್ ಮುಗಿಸಿ ಊರಿಗಿ ಬಂದು ಸರ್ಕಾರಿ ನೌಕರಿ ಹಾದಿ ಕಾಯ್ಕೋತ ಕುಂತಿದ್ದೆ. ಊರಾಗಿನ ಸರ್ಕಾರಿ ಸಾಲಿ ಐದನೇತ್ತಿ ತನಕ ಇತ್ತು, ಆರನೇತ್ತಿಗಿ ಬಾಜೂ ಊರಿಗಿ ಹೋಗಬೇಕು, ನಾಲ್ಕು ಕಿಲೋಮೀಟರ್, ನಡುವ ಒಂದು ಹಳ್ಳ. ಮಳಿಗಾಲದಾಗ ಹಳ್ಳ ಬಂತಂದ್ರ ಎರಡು ದಿನ ಆ ಕಡಿಯವ್ರು ಆ ಕಡಿ, ಈ ಕಡಿಯವ್ರು ಈ ಕಡಿ. ಗಂಡು ಹುಡುಗರು ಸೈಕಲ್ ಮ್ಯಾಲ ಹೆಂಗೋ ಹೋಗ್ತಿದ್ರು. ಹೆಣ್ಣು ಹುಡುಗೇರು ಐದನೇತ್ತಿಗಿ ನಿಂತು ಬಿಡ್ತಿದ್ರು. ಆ ವರ್ಷ ಐದನೇತ್ತಿ ಪಾಸಾದ ಹುಡುಗೇರು ಹದಿನಾಲ್ಕು ಮಂದಿ, ಆರನೇತ್ತಿಗಿ ಹೋದೋರು ಮೂರು ಮಂದಿ. ಉಳದ ಹನ್ನೊಂದು ಹುಡುಗೇರು ನನ್ನ ಕಣ್ಣ ಮುಂದೇ ಕಸ ಮುಸುರಿ, ತಮ್ಮ ತಂಗೀನ ಎತ್ತಿಕೊಳ್ಳೋದು, ಹತ್ತಿ ಬಿಡಿಸೋದು ಮಾಡ್ಕೋತ ತಿರುಗ್ತಿದ್ರು. ಅದನ್ನ ನೋಡಿ ನೋಡಿ ನನಗ ನಿದ್ದಿ ಬರ್ತಿದ್ದಿಲ್ಲ ಅಂದ್ರ ಸುಳ್ಳಲ್ಲ.

ನಮ್ಮ ಮುತ್ಯಾ ಆಗ ಇನ್ನಾ ಇದ್ದ. ಅಂವ ಕಲ್ತಿದ್ದು ನಿಜಾಮನ ಕಾಲದಾಗ, ಉರ್ದುದಾಗ. ಸಾಯೋ ತನಕ ಸಹಿ ಉರ್ದುದಾಗೇ ಮಾಡ್ತಿದ್ದ, ಕನ್ನಡ ಓದೋದು ತಾನೇ ಮನ್ಯಾಗ ಕುಂತು ಕಲ್ತಿದ್ದ. ನಾನು ಹೋಗಿ ಹಿಂಗಿಂಗ ಅಂತ ಹೇಳಿದ್ದಕ್ಕ ಅಂವ ನನಗ ಭಾಲ್ಕಿ ಮಠದ ಚನ್ನಬಸವ ಪಟ್ಟದ್ದೇವರ ಕಥಿ ಹೇಳ್ದ. ನಮ್ಮ ಕಡಿ ಮಂದಿಗೆಲ್ಲ ಗೊತ್ತದ ಅದು, ಹೊರಗ ಉರ್ದು ಬೋರ್ಡು ಒಳಗ ಕನ್ನಡ ಪಾಠ. ಕನ್ನಡ ಸಾಲಿ ನಡಸೋದೇ ಕಠಿಣ ಇದ್ದ ಕಾಲದಾಗ ಬೀದರ್ ಕಡಿ ಆ ಅಪ್ಪಗೋಳು ಊರೂರು ಜೋಳಗಿ ಹಿಡದು ತಿರುಗಿ, ಕಾಳು ಕಡಿ ಕೂಡಿಸಿ, ಮಕ್ಕಳಿಗಿ ಊಟ ಹಾಕಿ ಅಕ್ಷರ ಕಲಸಿದ್ರು. ಇಲ್ಲಿ ಕಲಬುರಗಿದಾಗ ನೋಡಿದ್ರೂ ಅದೇ. ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪಗೋಳು ನಿಜಾಮನ ಕಾಲದಾಗೇ ಹೆಣ್ಣುಮಕ್ಕಳ ಸಾಲಿ ತೆಗೆದ್ರು, ರಾಜ್ಯ ಒಂದಾಗಿ ಎರಡು ವರ್ಷಕ್ಕ, 1958ರಾಗ, ಮಹಾದೇವಪ್ಪ ರಾಂಪುರೆಯವ್ರು ಹೈದ್ರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಕಟ್ಟಿದ್ರು, ಇವತ್ತು ನಮ್ಮ ಕಡಿ ಇಂಜಿನಿಯರ್ ಡಾಕ್ಟರ್ ಅಂತ ಯಾರನ್ನ ಹಿಡದು ಕೇಳಿದ್ರೂ ಅಲ್ಲೇ ಕಲ್ತೀನಿ ಅನ್ನೋರು ಸಿಗ್ತಾರ. ಮುತ್ಯಾ ಹೇಳಿದ್ದು ಇಷ್ಟೇ, ಸಾಲಿ ಅಂಬೋದು ರೊಕ್ಕ ಇದ್ದೋರು ಕಟ್ಟಿದ್ದಲ್ಲ ಯವ್ವಾ, ಬೊಗಸಿ ಬೊಗಸಿ ಕಾಳಿನ ಮ್ಯಾಲ ನಿಂತದ್ದು, ನೀ ಹೋಗಿ ಕಟ್ಟಿ ಮ್ಯಾಲ ಕುಂತೋರನ್ನ ಕೇಳು.

ಕೇಳಿದೆ. ಹಣಮಂತ ದೇವರ ಗುಡಿ ಕಟ್ಟಿ ಮ್ಯಾಲ ಒಂದು ಶನಿವಾರ ಸಂಜಿಕ ಮಂದಿ ಕೂಡಿಸಿದ್ರು. ನಾನೊಬ್ಬಾಕಿ ಹುಡುಗಿ, ಉಳದೋರೆಲ್ಲ ಹಿರೇರು, ಬಾಯಿ ಒಣಗಿ ಹೋಗಿತ್ತು. ಕಟ್ಟಡ ಬ್ಯಾಡ, ಏನೂ ಬ್ಯಾಡ, ಸಂಜಿಕ ಎರಡು ತಾಸು ಕುಂದ್ರಲಾಕ ಒಂದು ಜಾಗ ಕೊಡ್ರಿ, ಹುಡುಗೇರನ್ನ ಕಳಸ್ರಿ ಅಂದೆ. ದರ್ಗಾ ಬಾಜೂಕಿನ ಖೋಲಿ ಖಾಲಿ ಅದ ತಗೊಳ್ರಿ ಅಂತ ಮೊದಲು ಬಾಯಿ ಬಿಟ್ಟವ್ರು ಅಲ್ಲಿ ಸೇವಾ ಮಾಡೋ ಚಾಚಾ. ಮೊದಲನೇ ದಿನ ಆರು ಹುಡುಗೇರು ಬಂದ್ರು, ಒಂದು ತಿಂಗಳಿಗಿ ಹದಿನಾರು ಮಂದಿ ಆದ್ರು. ಲೈಟ್ ಇದ್ದಾಗ ಬಲ್ಬು, ಇಲ್ಲದಾಗ ಕಂದೀಲು. ತಾಯಂದ್ರು ಬಾಗಲ ಹೊರಗ ಕುಂತು ತೊಗರಿ ಬ್ಯಾಳಿ ಆರಿಸ್ಕೋತ ಕಾಯ್ತಿದ್ರು. ಪಾಠ ಮುಗದ ಮ್ಯಾಲ ಮಗಳ ಕೈ ಹಿಡ್ಕೊಂಡು ಮನಿಗಿ ಕರ್ಕೊಂಡು ಹೋಗೋ ಸಲುವಾಗಿ ಬಂದವ್ರು ಅವ್ರು, ಆದ್ರ ಕುಂತಲ್ಲೇ ಕೆಲವರು ಅಕ್ಷರ ಹಿಡದುಬಿಟ್ರು.

ಹಿಂಗ ಎರಡು ವರ್ಷ ನಡೀತು. ಅಷ್ಟರಾಗ ಶಿಕ್ಷಣ ಹಕ್ಕು ಕಾಯ್ದೆ ಬಂತು, 2010ರ ಏಪ್ರಿಲ್ ಒಂದರಿಂದ ಜಾರಿ. ಸಾಲಿ ಬಿಟ್ಟ ಮಗೂನ್ನ ಅದರ ವಯಸ್ಸಿಗಿ ತಕ್ಕ ಕ್ಲಾಸಿಗೇ ಸೇರಿಸ್ಕೋಬೇಕು, ಹಿಂದ ಬಿದ್ದಿದ್ರ ಬ್ಯಾರೆ ತರಬೇತಿ ಕೊಡಬೇಕು ಅಂತ ಅದರಾಗ ಅದ. ನಮ್ಮ ಹುಡುಗೇರಿಗಿ ಅದೇ ಬಾಗಲ ತೆಗೀತು. ಸಂಘ ರಿಜಿಸ್ಟರ್ ಮಾಡಿಸಿ ಆರರಿಂದ ಎಂಟನೇತ್ತಿಗಿ ಮಾನ್ಯತಾ ಕೇಳಿದ್ವಿ. ಒಂದು ಕಚೇರಿದಾಗ ನಮ್ಮ ಫೈಲ್ ಮೂರು ಸಲ ಕಳೀತು, ಮೂರು ಸಲ ಝೆರಾಕ್ಸ್ ಮಾಡಿಸಿ ಕೊಟ್ವಿ, ನಮ್ಮ ಕಾಕಾ ಪ್ರತಿ ಸೋಮವಾರ ಬುತ್ತಿ ಕಟ್ಟಿಕೊಂಡು ಬಸ್ ಹತ್ತಿ ಹೋಗಿ ಅಲ್ಲಿ ಬೆಂಚಿನ ಮ್ಯಾಲ ಕುಂದ್ರತಿದ್ದ, ಬೈಲಿಲ್ಲ, ಜಗಳ ಆಡ್ಲಿಲ್ಲ, ಕುಂತ ಅಷ್ಟೇ, ಸಂಜಿ ತನಕ. 2011ರ ಜೂನ್‌ದಾಗ ಕಾಗದ ಕೈಗಿ ಬಂತು. ಅಷ್ಟೊತ್ತಿಗಿ ಖಣಿ ಕೆಲಸದವ್ರು ಕಲ್ಲು ಕೊಟ್ಟಿದ್ರು, ತಾಂಡಾದವ್ರು ಕಲ್ಲು ಹೊತ್ತಿದ್ರು, ಮೂರು ಖೋಲಿ ಎದ್ದಿದ್ವು, ನೆಲಕ್ಕೂ ಫರ್ಸಿ ಗ್ವಾಡಿಗೂ ಫರ್ಸಿ.

ಪಗಾರದ ರೊಕ್ಕ ಎಲ್ಲಿಂದ ಅಂತ ಬಂದಾಗ ಊರ ಹಿರೇರೇ ಕೂಡಿ ಮಾಡಿದ್ದು ಈ ಪಾಯಲಿ ಲೆಕ್ಕ. ಪಾಯಲಿ ಅಂದ್ರ ಕಾಳು ಅಳಿಯೋ ಒಂದು ಮಾಪು. ರಾಶಿ ಆದಾಗ ಚೀಲಕ್ಕ ಒಂದು ಪಾಯಲಿ ತೊಗರಿ ಸಾಲಿಗಿ. ಹೊಲ ಇಲ್ಲದವ್ರು ವರ್ಷಕ್ಕ ನಾಲ್ಕು ದಿನ ಸಾಲಿ ಕೆಲಸಕ್ಕ ಆಳು ಬರಬೇಕು, ಊರು ಬಿಟ್ಟು ದುಡೀಲಾಕ ಹೋದವ್ರು ತಮಗ ಆದಷ್ಟು ಕಳಸಬೇಕು. ಫೀ ಅಂತ ಯಾರ ಕಡಿಯಿಂದಾನೂ ಇಲ್ಲ. ಕಾಳು ಅಳಿಯೋದು ಗುಡಿ ಮುಂದ, ಎಲ್ಲಾರೂ ನೋಡೋ ಹಂಗ. ಆ ಫರ್ಸಿ ಲೆಕ್ಕ ಸುರು ಆದದ್ದೂ ಆಗೇ. ಒಬ್ಬ ಮುತ್ಯಾ ಎದ್ದು ನಿಂತು ನಾ ಕಾಳು ಕೊಡ್ತೀನಿ, ಆದ್ರ ಅದು ಎಲ್ಲಿ ಹೋಯ್ತು ಅಂತ ನನಗ ಯಾರೂ ಹೇಳಬಾರದು, ನನಗೇ ಕಾಣಬೇಕು ಅಂದ. ಕಾಕಾ ಮರುದಿನ ಖಣಿಯಿಂದ ಈ ಕಲ್ಲು ಎತ್ತಿನ ಬಂಡಿದಾಗ ಹಾಕ್ಕೊಂಡು ಬಂದ.

ಇಲ್ಲಿ ತನಕ ಹೇಳೋದು ಸುಲಭ. ಮುಂದಿಂದು ಹೇಳ್ಲಾಕ ನನಗ ಈಗೂ ಸಂಕಟ ಆಗ್ತದ.

2013ರಾಗ ಆರು ಕಿಲೋಮೀಟರ್ ಆಚಿ ಒಂದು ಊರಿಂದ ಇಬ್ಬರು ಬಂದು ನಮ್ಮೂರಾಗೂ ಹಿಂಗೇ ಸಾಲಿ ಮಾಡಿಕೊಡ್ರಿ ಟೀಚರ್ ಅಂದ್ರು. ನನಗ ಹಿಗ್ಗು ಹಿಡೀಲಾರದಷ್ಟು ಆತು. ಒಂದೇ ತಿಂಗಳಾಗ ಮನಿ ಬಾಡಿಗಿ ಹಿಡದ್ವಿ, ನಮ್ಮಲ್ಲಿ ಚೊಲೋ ಪಾಠ ಮಾಡ್ತಿದ್ದ ಮಾಸ್ತರನ್ನೇ ಅಲ್ಲಿಗಿ ಕಳಸಿದ್ವಿ, ಬೆಂಚು ಒಯ್ದ್ವಿ, ಬೋರ್ಡು ಬರಸಿದ್ವಿ, ಕಲ್ಲು ಸಹಿತ ನಾವೇ ಒಯ್ದು ನಿಂದ್ರಿಸಿದ್ವಿ. ಮೊದಲನೇ ವರ್ಷ ಮಕ್ಕಳು ತುಂಬಿ ಬಂದ್ರು. ರಾಶಿ ಟೈಮಿಗಿ ಕಾಳು ಕೇಳ್ಲಾಕ ಹೋದ್ರ, ನಿಮ್ಮ ಸಾಲಿಗಿ ನಾವ್ಯಾಕ ಕೊಡಬೇಕು ಅಂದ್ರು. ನಿಮ್ಮ ಸಾಲಿ. ಆ ಎರಡು ಮಾತು ನನ್ನ ಎದಿಗಿ ನಟ್ಟದ್ದು ಇನ್ನಾ ಕಿತ್ತಿಲ್ಲ. ತಪ್ಪು ಅವ್ರದ್ದಲ್ಲ, ಖರೇನೇ ಅದು ನಮ್ಮ ಸಾಲಿ ಇತ್ತು. ನಮ್ಮೂರಾಗ ಸಾಲಿ ಆಗೋಕಿಂತ ಮೊದಲು ಎರಡು ವರ್ಷ ತಾಯಂದ್ರು ಬಾಗಲಾಗ ಕುಂತು ಬ್ಯಾಳಿ ಆರಿಸಿದ್ರು, ಅದನ್ನ ನಾ ಮರತುಬಿಟ್ಟೆ. ಆ ಊರಿಗಿ ಸಾಲಿ ಒಯ್ದೆ, ಆ ಎರಡು ವರ್ಷ ಒಯ್ಲಿಲ್ಲ. 2015ರ ಏಪ್ರಿಲ್‌ಕ್ಕ ಮುಚ್ಚಿದ್ವಿ. ಕೊನೀ ದಿನ ಏಳನೇತ್ತಿ ಹುಡುಗಿ ಒಬ್ಬಾಕಿ ನನ್ನ ಸೀರಿ ಸೆರಗು ಹಿಡದು, ಟೀಚರ್ ನಾಳಿ ಎಷ್ಟೊತ್ತಿಗಿ ಬರಬೇಕು ಅಂತ ಕೇಳಿದ್ಲು. ಆಕಿಗಿ ಯಾರೂ ಹೇಳಿದ್ದಿಲ್ಲ.

ಆ ವರ್ಷದ ಡಿಸೆಂಬರ್‌ದಾಗ ನನ್ನ ತಮ್ಮ ಬಂದಿದ್ದ, ಅಂವ ಅಮೆರಿಕಾದ ಮಿನ್ನೆಸೋಟಾದಾಗ ಇರ್ತಾನ, ಸಾಫ್ಟ್‌ವೇರ್ ನೌಕರಿ. ಮಾಳಿಗಿ ಮ್ಯಾಲ ಕುಂತು ಈ ಸಂಕಟ ಎಲ್ಲ ಹೇಳಿದ್ದಕ್ಕ ಅಂವ, ಅಕ್ಕಾ ನೀವು ಮಾಡ್ಲಾಕತ್ತಿದ್ದು ನಮ್ಮಲ್ಲಿ ಚಾರ್ಟರ್ ಸ್ಕೂಲ್ ಅಂತಾರ, ನನ್ನ ಮಗ ಹೋಗೋದೂ ಅಂಥಾ ಸಾಲಿಗೇ ಅಂದ. ಚಾರ್ಟರ್ ಅಂದ್ರ ಸನ್ನದು, ಕರಾರು. ಇದರ ಕಾಯ್ದೆ ಮೊದಲು ಆದದ್ದೇ ಮಿನ್ನೆಸೋಟಾದಾಗ ಅಂತ, 1991ರಾಗ, ಮರುವರ್ಷ ಸೇಂಟ್ ಪಾಲ್ ಊರಾಗ ಸಿಟಿ ಅಕಾಡೆಮಿ ಅಂಬೋ ಮೊದಲನೇ ಸಾಲಿ ಚಾಲೂ ಆಯ್ತು, ಸಾಲಿ ಬಿಟ್ಟ ಹುಡುಗರ ಸಲುವಾಗಿ. ಅದು ಕೇಳಿ ನಾ ಎದ್ದು ಕುಂತೆ. ಅಲ್ಲೂ ಸಾಲಿ ಬಿಟ್ಟವ್ರಿಂದೇ ಸುರುವಾಗ್ಯದ ನೋಡ್ರಿ.

ಅದು ಹೆಂಗಂದ್ರ, ರೊಕ್ಕ ಸರ್ಕಾರದ್ದು, ಎಷ್ಟು ಮಕ್ಕಳೋ ಅಷ್ಟು ರೊಕ್ಕ, ಫೀ ಇಲ್ಲ, ಸೀಟಿಗಿಂತ ಹೆಚ್ಚು ಮಂದಿ ಬಂದ್ರ ಚೀಟಿ ಎತ್ತೋದು. ನಡಸೋರು ಮಾತ್ರ ಬ್ಯಾರೆ, ತಾಯಿ ತಂದಿ, ಮಾಸ್ತರು, ಊರ ಮಂದಿ ಕೂಡಿದ ಒಂದು ಮಂಡಳಿ. ಹಿಂಗ ಕಲಸ್ತೀವಿ, ಮಕ್ಕಳು ಇಷ್ಟು ಕಲೀತಾರ ಅಂತ ಕೆಲವು ವರ್ಷದ ಕರಾರು ಬರದು ಕೊಡಬೇಕು, ಆ ಪ್ರಕಾರ ಆಗಲಿಲ್ಲ ಅಂದ್ರ ಕರಾರು ಮುಂದುವರಿಯಂಗಿಲ್ಲ, ಸಾಲಿ ಮುಚ್ಚಬೇಕು. ಕಿಪ್ ಅಂತ ಒಂದು ದೊಡ್ಡ ಜಾಲ ಅದ ಅಂತ, ಇಬ್ಬರು ಎಳೀ ವಯಸ್ಸಿನ ಮಾಸ್ತರು 1994ರಾಗ ಹ್ಯೂಸ್ಟನ್‌ದಾಗ ಐದನೇತ್ತಿ ಮಕ್ಕಳನ್ನಷ್ಟೇ ಹಿಡ್ಕೊಂಡು ಚಾಲೂ ಮಾಡಿದ್ದು ಈಗ ಆ ದೇಶದ ತುಂಬ ಹಬ್ಬ್ಯದ. ಅವ್ರದ್ದು ಒಂದು ಪದ್ಧತಿ ತಮ್ಮ ಹೇಳಿದ್ದು ನನಗ ಭಾಳ ಹಿಡಸ್ತು, ಅಲ್ಲಿ ಮಾಸ್ತರು ಸಹಿ ಮಾಡ್ತಾರ, ತಾಯಿ ತಂದಿ ಸಹಿ ಮಾಡ್ತಾರ, ಮಗೂನೂ ಸಹಿ ಮಾಡ್ತದ, ನಾ ಇಷ್ಟು ಮಾಡ್ತೀನಿ ಅಂತ. ಇದಕ್ಕ ವಿರೋಧ ಮಾಡೋರೂ ಅಲ್ಲಿ ಭಾಳ ಮಂದಿ ಇದ್ದಾರ ಅಂತ, ಈ ಸಾಲಿಗೋಳು ಊರಿನ ಸರ್ಕಾರಿ ಸಾಲಿ ಮಕ್ಕಳನ್ನೂ ರೊಕ್ಕಾನೂ ಎಳ್ಕೋತಾವ ಅಂತ ಅವ್ರ ಮಾತು. ಆ ಮಾತೂ ನನಗ ಖರೇ ಅನಸ್ತು, ಅದಕ್ಕ ಮುಂದ ಬರ್ತೀನಿ.

ರಾತ್ರಿ ಎಲ್ಲಾ ವಿಚಾರ ಮಾಡಿದೆ. ಸಾಲಿ ಮುಚ್ಚಿ ಬಂದ ಆ ಊರಾಗ ನಾವು ಹೋಗಿ ಇದು ಕೊಡ್ತೀವಿ ಅದು ಕೊಡ್ತೀವಿ ಅಂದಿದ್ವಿ, ಅವ್ರು ಏನು ಕೊಡ್ತಾರ ಅಂತ ಕೇಳಿದ್ದೇ ಇಲ್ಲ. ಕೇಳಲಾರದ್ದು ಮರ್ಯಾದಿ ಅಂತ ತಿಳ್ಕೊಂಡಿದ್ದೆ, ಖರೇ ಅಂದ್ರ ಅದು ಅವ್ರಿಗಿ ಅವಮಾನ ಮಾಡಿದಂಗ ಆಗಿತ್ತು.

ಆಮ್ಯಾಲ ಮಾಡಿದ್ದು ನಮ್ಮ ಕರಾರು. ನೂರು ರೂಪಾಯಿ ಬಾಂಡ್ ಪೇಪರ್ ಮ್ಯಾಲ, ಕನ್ನಡದಾಗ, ಎರಡೇ ಹಾಳಿ. ಮೊದಲನೇ ಹಾಳಿ ಸಾಲಿ ಕೊಡೋ ಮಾತು. ಮಾಸ್ತರ್ ಬರಲಿಲ್ಲ ಅಂದ್ರ ಅವತ್ತೇ ಆ ಕಲ್ಲಿನ ಮ್ಯಾಲ ಬರೀಬೇಕು. ಪ್ರತಿ ತಿಂಗಳ ಲೆಕ್ಕ ಬರೀಬೇಕು. ಪ್ರತಿ ಜನವರಿದಾಗ ರಾಶಿ ಆದ ಮ್ಯಾಲ ಒಂದೊಂದು ಮಗೂನೂ ಕಟ್ಟಿ ಮುಂದ ನಿಂತು ಒಂದು ಹಾಳಿ ಓದಬೇಕು, ಯಾವ ಹಾಳಿ ಅಂಬೋದು ಮಾಸ್ತರ್ ಆರಸಂಗಿಲ್ಲ, ಊರವ್ರು ಪುಸ್ತಕ ತೆಗೆದು ಸಿಕ್ಕ ಹಾಳಿ ಕೊಡ್ತಾರ. ಎರಡನೇ ಹಾಳಿ ಊರು ಕೊಡೋ ಮಾತು. ಪಾಯಲಿ ತಪ್ಪಸಂಗಿಲ್ಲ. ಹತ್ತನೇತ್ತಿ ಮುಗಿಯೋ ತನಕ ಯಾವ ಹುಡುಗೀನ್ನೂ ಸಾಲಿ ಬಿಡಸಂಗಿಲ್ಲ, ಹದಿನೆಂಟು ತುಂಬಲಾರದೆ ಮದವಿ ಇಲ್ಲ, ಅಂಥಾ ಮದವಿ ಮಾತು ಎದ್ದರ ಅದು ಆ ಮನಿ ಸುದ್ದಿ ಅಲ್ಲ ಊರಿನ ಸುದ್ದಿ. ಗುಳೆ ಹೋಗೋರು ಮಗೂನ್ನ ಕರ್ಕೊಂಡು ಹೋಗಂಗಿಲ್ಲ, ಮುತ್ಯಾನ ಕಡಿ ಆಯಿ ಕಡಿ ಬಿಡಬೇಕು, ಯಾರೂ ಇಲ್ಲದಿದ್ರ ಊರಾಗ ಒಂದು ಮನಿ ಆ ಮಗೂಗ ಉಣ್ಣಲಾಕ ಹಾಕಬೇಕು. ಕರಾರು ಮೂರು ವರ್ಷಕ್ಕ. ಮೂರು ವರ್ಷಕ್ಕ ಮತ್ತ ಕೂಡಿ ಸಹಿ ಮಾಡದಿದ್ರ ಸಾಲಿ ನಿಲ್ತದ, ಬೆಂಚು ಬೋರ್ಡು ಎಲ್ಲಾ ಆ ಊರಿನ ಸರ್ಕಾರಿ ಸಾಲಿಗಿ ಹೋಗ್ತದ. ಆ ಕಿಪ್ ಸಾಲಿದಾಗ ಮಾಸ್ತರು, ತಾಯಿ ತಂದಿ, ಮಗು ಸಹಿ ಮಾಡಿದ್ರ ಸಾಕು, ನಮ್ಮಲ್ಲಿ ಮನಿಗೊಬ್ಬರು ಮಾಡಬೇಕು, ಮಕ್ಕಳಿಲ್ಲದ ಮನಿಯವ್ರೂ ಮಾಡಬೇಕು, ಹೆಬ್ಬಟ್ಟು ಇದ್ರೂ ನಡೀತದ. ಮೊದಲನೇ ಕರಾರು ನಮ್ಮೂರಿಂದೇ ಮಾಡಿದ್ವಿ, ನಮಗ ಇಲ್ಲದ್ದು ಬ್ಯಾರೆಯವ್ರಿಗಿ ಹೆಂಗ ಹೇಳೋದು.

ಮತ್ತ ಒಂದು ಮಾತು ಗಟ್ಟಿ ಮಾಡ್ಕೊಂಡ್ವಿ, ಯಾವ ಊರಿಗೂ ನಾವಾಗಿ ಹೋಗಂಗಿಲ್ಲ. ಕೇಳಿಕೊಂಡು ಬಂದ್ರೂ ಮೊದಲ ಒಂದು ವರ್ಷ ಸಂಜಿ ಸಾಲಿ ಅವ್ರೇ ನಡಸಬೇಕು, ಜಾಗ ಅವ್ರದ್ದು, ಚಾಪಿ ಅವ್ರದ್ದು, ಕಲಸೋದು ಆ ಊರಿನ ಪಿಯುಸಿ ಡಿಗ್ರಿ ಓದಿದ ಹುಡುಗ ಹುಡುಗೀನೇ. ನಾವು ವಾರಕ್ಕ ಒಂದು ದಿನ ಹೋಗಿ ಆ ಹುಡುಗರಿಗಿ ಹೆಂಗ ಕಲಸಬೇಕು ಅಂತ ತೋರಸ್ತೀವಿ, ಅಷ್ಟೇ. ವರ್ಷ ತುಂಬ ಆ ದೀಪ ಆರಲಿಲ್ಲ ಅಂದ್ರ ಮುಂದಿನ ಮಾತು.

ಈ ಪದ್ಧತಿದಾಗ ಒಂದು ಊರು 2017ರಾಗ ಕೂಡ್ತು, ಇನ್ನೊಂದು 2019ರಾಗ. ವರ್ಷಕ್ಕ ಐದು ಹತ್ತು ಸಾಲಿ ತೆಗೆಯೋರು ಇದ್ದಾರ, ನಮ್ಮದು ಭಾಳ ಸಾವಕಾಶ. ಅದೇ ಬರಾಬರ್ ಅಂತ ನನ್ನ ಗಟ್ಟಿ ಅಭಿಪ್ರಾಯ.

ತೊಗರಿ ನಂಬಿ ಸಾಲಿ ನಡಸೋದು ಏನಂಬೋದು 2017ರಾಗ ತಿಳೀತು. 2015ರಾಗ ಬೆಳಿ ಕಮ್ಮಿ ಇತ್ತು, ಆದ್ರ ಕ್ವಿಂಟಲ್ ಹತ್ತು ಸಾವಿರ ದಾಟಿ ಹೋಗಿತ್ತು, ಕಲ್ಲಿನ ಎಡಗಡಿ ತುಂಬಿ ನಾವು ಎರಡು ಖೋಲಿ ಹೆಚ್ಚಿಗಿ ಕಟ್ಟಿದ್ವಿ. ರೇಟ್ ನೋಡಿ ಮರುವರ್ಷ ಎಲ್ಲಾರೂ ತೊಗರೀನೇ ಬಿತ್ತಿದ್ರು, ಮಳಿನೂ ಚೊಲೋ ಆತು, ಎಲ್ಲಿ ನೋಡಿದ್ರೂ ತೊಗರಿ, ಸರ್ಕಾರದ ಬೆಂಬಲ ಬೆಲಿ 5,050 ರೂಪಾಯಿ ಅಂತ ಇದ್ರೂ ಪೇಟ್ಯಾಗ ಅದರ ಕೆಳಗೇ ಕೇಳ್ತಿದ್ರು, ಖರೀದಿ ಕೇಂದ್ರದ ಮುಂದ ಟ್ರ್ಯಾಕ್ಟರ್ ಹಚ್ಚಿ ಮಂದಿ ದಿನಗಟ್ಟಲೆ ಕಾಯ್ದ್ರು. ನಮ್ಮ ಕಡಿ ತೊಗರಿ ಇದ್ದೇ ಇತ್ತು, ರೊಕ್ಕ ಇದ್ದಿಲ್ಲ. ಮೂರು ತಿಂಗಳ ಪಗಾರ ನಿಂತವು. ನಾ ಕಲ್ಲಿನ ಮ್ಯಾಲ ಅದನ್ನೂ ಬರದೆ, ಪಗಾರ ಬಾಕಿ ಅಂತ, ಮಾಸ್ತರ್ ಹೆಸರಿನ ಮುಂದ ಎಷ್ಟೆಷ್ಟು ಅಂತ. ಬರೀವಾಗ ಕೈ ನಡಗ್ತಿತ್ತು. ನಾಲ್ಕು ದಿನಕ್ಕ ಹೆಣ್ಣುಮಕ್ಕಳ ಸ್ವಸಹಾಯ ಸಂಘದವ್ರು ಬಂದ್ರು, ಅದರಾಗ ಮುಂದ ನಿಂತಾಕಿ ಹಿಂದಕ ದರ್ಗಾ ಖೋಲಿ ಬಾಗಲಾಗ ಬ್ಯಾಳಿ ಆರಿಸ್ಕೋತ ಅಕ್ಷರ ಕಲ್ತಾಕಿ, ಕಲ್ಲಿನ ಮುಂದ ನಿಂತು ಬೆರಳು ಹಚ್ಚಿ ಒಂದೊಂದೇ ಸಾಲು ಓದಿ, ಕೂಡಿಸಿ, ಟೀಚರ್ ಇಲ್ಲಿ ಮುನ್ನೂರು ರೂಪಾಯಿ ತಪ್ಪ್ಯದ ನೋಡ್ರಿ ಅಂದ್ಲು. ಖರೇನೇ ತಪ್ಪಿತ್ತು. ತಿದ್ದಿದ್ವಿ. ಸಂಘದ ಗಂಟಿನಿಂದ ಎರಡು ತಿಂಗಳ ಪಗಾರ ಕೈಗಡ ಕೊಟ್ರು, ಬಡ್ಡಿ ಇಲ್ಲದೆ. ಅವತ್ತಿನಿಂದ ಒಂದು ನಿಯಮ, ಬಂದ ಕಾಳೆಲ್ಲ ಒಮ್ಮೆಗೇ ಮಾರಂಗಿಲ್ಲ, ಆರು ತಿಂಗಳ ಪಗಾರದಷ್ಟು ಗಂಟು ಬ್ಯಾಂಕಿನ್ಯಾಗ ಇರಲಾರದೆ ಹೊಸ ಖೋಲಿ ಕಟ್ಟಂಗಿಲ್ಲ.

ಆಮ್ಯಾಲ ಕೊರೊನಾ. ದೇಶದಾಗ ಮೊದಲನೇ ಸಾವು ಆದದ್ದೇ ನಮ್ಮ ಕಲಬುರಗಿದಾಗ, 2020ರ ಮಾರ್ಚ್. ಸಾಲಿ ಎಲ್ಲಾ ಬಂದ್. ಪುಣೆ ಮುಂಬೈಯಿಂದ ಮಂದಿ ಹೊಳ್ಳಿ ಬಂದ್ರು, ಯಾವ ಸಾಲಿದಾಗೂ ಹೆಸರಿಲ್ಲದ ಮಕ್ಕಳು, ಮರಾಠಿ ಹಿಂದಿ ಮಾತಾಡೋ ಮಕ್ಕಳು. ಸರ್ಕಾರ ವಿದ್ಯಾಗಮ ಅಂತ ಮಾಡಿ ಗುಡಿ ಕಟ್ಟಿ ಮರದ ನೆಳ್ಳಿನ್ಯಾಗ ಮಾಸ್ತರು ಕಲಸೋ ಹಂಗ ಮಾಡಿತ್ತು, ಸರ್ಕಾರಿ ಸಾಲಿ ಮಾಸ್ತರು ಮತ್ತ ನಮ್ಮವ್ರು ಕೂಡೇ ಹೋಗಿ ಓಣಿ ಓಣಿಗಿ ಕುಂತ್ರು. ಅದು ನಿಂತ ಮ್ಯಾಲೂ ನಮ್ಮ ಊರುಗಳಾಗ ಸಂಜಿ ಸಾಲಿ ನಡೀತು, ಯಾಕಂದ್ರ ಅದಕ್ಕ ಯಾರ ಆರ್ಡರೂ ಬೇಕಿದ್ದಿಲ್ಲ, ತಮ್ಮ ಮನಿ ಅಂಗಳದಾಗ ತಮ್ಮ ಓಣಿ ನಾಲ್ಕೈದು ಮಕ್ಕಳನ್ನ ದೂರ ದೂರ ಕುಂದ್ರಸಿ ದೊಡ್ಡ ಹುಡುಗೇರು ಕಲಸ್ತಿದ್ರು.

ನಾವು 2015ರಾಗ ಮುಚ್ಚಿ ಬಂದಿದ್ವಲ್ಲ ಆ ಊರು, ಅಲ್ಲಿ ಆಗ ಅಂಗಳದಾಗ ಕಲಸ್ಲಾಕ ನಿಂತಾಕಿ ಯಾರು ಅಂದ್ರ, ನನ್ನ ಸೆರಗು ಹಿಡದು ನಾಳಿ ಎಷ್ಟೊತ್ತಿಗಿ ಬರಬೇಕು ಅಂದ ಹುಡುಗಿ. ಆಕಿ ಹೆಂಗೋ ಮಾಡಿ ತನ್ನ ಕಾಕಾನ ಮನ್ಯಾಗ ಇದ್ದು ಬ್ಯಾರೆ ಊರಾಗ ಪಿಯುಸಿ ತನಕ ಓದಿದ್ಲು. ಒಂದು ವರ್ಷ ನಡಸಿದ್ಲು, ಎರಡು ವರ್ಷ ನಡಸಿದ್ಲು, 2022ರಾಗ ಊರವ್ರನ್ನ ಕರ್ಕೊಂಡು ಬಂದು ನಮ್ಮ ಸಾಲಿ ಮುಂದ ನಿಂತ್ಲು. ನಮ್ಮ ಸಾಲಿಗಿ ಕರಾರು ಮಾಡ್ಕೋಬೇಕ್ರಿ ಟೀಚರ್ ಅಂದ್ರು ಅವ್ರು. ಅವ್ರ ಬಾಯಾಗ ನಮ್ಮ ಸಾಲಿ ಅಂದ್ರ ಈ ಸಲ ಅವ್ರದ್ದು. ಕಲ್ಲೂ ತಾವೇ ತಂದ್ರು. ಅದರ ಮರುವರ್ಷ ಐದನೇದು ಒಂದು ತಾಂಡಾದಾಗ ಆತು.

ಈಗ ಆ ಸರ್ಕಾರಿ ಸಾಲಿ ಮಾತು. ನಮ್ಮನ್ನ ಕೆಲವರು ಹೊಗಳ್ತಾರ, ಸರ್ಕಾರಿ ಸಾಲಿಗಿಂತ ನಿಮ್ಮದು ಮೇಲು ಅಂತ. ಹಂಗ ಅಂದಾಗ ನನಗ ಸಿಟ್ಟು ಬರ್ತದ. ನಮ್ಮ ಯಾವ ಸಾಲಿದಾಗೂ ಒಂದರಿಂದ ಐದನೇತ್ತಿ ಇಲ್ಲ, ಇಡೋದೂ ಇಲ್ಲ. ಊರಾಗಿನ ಸರ್ಕಾರಿ ಸಾಲಿ ಎಲ್ಲಿಗಿ ನಿಲ್ತದೋ ಅಲ್ಲಿಂದ ನಮ್ಮದು. ಯಾವ ಊರಿಗಿ ಸರ್ಕಾರವೇ ಎಂಟನೇತ್ತಿ ತನಕ ಕೊಟ್ಟದೋ ಅಲ್ಲಿಯವ್ರು ಬಂದು ಕೇಳಿದ್ರ, ನಿಮ್ಮ ಎಸ್‌ಡಿಎಂಸಿ ಗಟ್ಟಿ ಮಾಡ್ಕೋರಿ ಅಂತ ಹೇಳಿ ಕಳಸ್ತೀವಿ. ಕರ್ನಾಟಕದಾಗ 2001ರಿಂದಾನೇ ಅದಾವ ಈ ಸಾಲಿ ಅಭಿವೃದ್ಧಿ ಸಮಿತಿಗೋಳು, ಸಮಿತಿದಾಗ ನಾಲ್ಕರಾಗ ಮೂರು ಪಾಲು ತಾಯಿ ತಂದೀನೇ ಇರಬೇಕು, ಅರ್ಧ ಹೆಣ್ಣುಮಕ್ಕಳು ಇರಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆದಾಗೇ ಬರದದ. ಇಷ್ಟು ದೊಡ್ಡ ಹತಾರ ಕೈಯಾಗ ಇಟ್ಕೊಂಡು ನಾವು ಸಹಿ ಹಾಕ್ಲಾಕ ಮಾತ್ರ ಹೋಗ್ತೀವಿ. ಸರ್ಕಾರಿ ಸಾಲಿ ಬಾಗಲಾಗೂ ಇಂಥಾ ಒಂದು ಕಲ್ಲು ನಿಂದ್ರಿಸ್ರಿ, ಏನು ಬಂತು ಏನು ಹೋಯ್ತು ಬರೀರಿ, ಜನವರಿಗೊಮ್ಮೆ ಮಕ್ಕಳನ್ನ ಕಟ್ಟಿ ಮುಂದ ಓದಸ್ರಿ ಅಂತ ನಾ ಹೋದಲ್ಲೆಲ್ಲ ಹೇಳ್ತೀನಿ. ನಮ್ಮ ತಾಲೂಕಿನ್ಯಾಗ ಎರಡು ಸರ್ಕಾರಿ ಸಾಲಿದವ್ರು ಮಾಡ್ಯಾರ, ಅದು ನನಗ ನಮ್ಮ ಐದು ಸಾಲಿಗಿಂತ ಹೆಚ್ಚಿನ ಖುಷಿ.

2011ರ ಜನಗಣತಿ ತೆಗೆದು ನೋಡ್ರಿ, ರಾಜ್ಯದಾಗ ಅಕ್ಷರ ಬಲ್ಲವ್ರು ನೂರಕ್ಕ 75, ಕಲಬುರಗಿ ಜಿಲ್ಲಾದಾಗ 65ರ ಹತ್ತರ, ಬಾಜೂಕಿನ ಯಾದಗಿರಿದಾಗ 52 ಸಹಿತ ಇಲ್ಲ, ಅಲ್ಲಿ ಹೆಣ್ಣುಮಕ್ಕಳ ಲೆಕ್ಕ ತೆಗೆದ್ರ 41. ನಮ್ಮ ಕಡಿಗಿ ವಿಶೇಷ ಸ್ಥಾನ ಕೊಡೋ ಸಂವಿಧಾನದ 371ಜೆ ಕಲಂ ಬಂತು, ಹೈದ್ರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಅಂತ ಹೆಸರೂ ಆಯ್ತು, ಮೀಸಲಾತಿಯಿಂದ ನಮ್ಮ ಹುಡುಗರಿಗಿ ಸೀಟು ನೌಕರಿ ಸಿಗ್ಲಾಕತ್ಯಾವ, ಅದು ದೊಡ್ಡ ಮಾತೇ. ಆದ್ರ ಆ ಸೀಟಿನ ತನಕ ಹೋಗಬೇಕಂದ್ರ ಆರನೇತ್ತಿ ದಾಟಬೇಕಲ್ಲ. ನಡುವಿನ ಹಳ್ಳದಾಗೇ ನಮ್ಮ ಹುಡುಗೇರು ಕಳ್ಕೊಂಡು ಹೋಗ್ತಾರ, ನಾನು ಹೋಗಿ ನೋಡಿದ ಊರಿಗೆಲ್ಲ ಅಂಥಾ ಒಂದು ಹಳ್ಳ ಅದ.

ಒಂದು ನೋವು ಉಳದದ, ಅದನ್ನೂ ಬರೀತೀನಿ. ನಮ್ಮ ಮಾಸ್ತರ ಪಗಾರ ಕಮ್ಮಿ. ಸರ್ಕಾರಿ ಮಾಸ್ತರಿಗಿ ಸಿಗೋದರಾಗ ಕಾಲು ಪಾಲೂ ಇಲ್ಲ. ಅಮೆರಿಕಾದಾಗ ಸರ್ಕಾರ ಮಗೂಗ ಇಷ್ಟು ಅಂತ ರೊಕ್ಕ ಕೊಡ್ತದ, ನಮಗ ಅಂಥಾದ್ದೇನೂ ಇಲ್ಲ, ಎಲ್ಲಾ ಪಾಯಲಿ ಮ್ಯಾಲ. ಚೊಲೋ ಕಲಸೋರು ನಾಲ್ಕೈದು ವರ್ಷ ಇದ್ದು ಸರ್ಕಾರಿ ನೌಕರಿ ಹತ್ತಿ ಹೋಗ್ತಾರ, ಹೋಗಬ್ಯಾಡ್ರಿ ಅಂತ ಯಾವ ಬಾಯಿಲೆ ಹೇಳೋದು, ಅವ್ರಿಗೂ ಮನಿ ಮಕ್ಕಳು ಅದಾವ. ನಾನು ಹೋಗಲಿಲ್ಲ, ಅದು ನನ್ನ ಹಟ, ಎಲ್ಲಾರೂ ಹಂಗೇ ಇರಬೇಕು ಅಂಬೋದು ನ್ಯಾಯ ಅಲ್ಲ. ಈ ಗಂಟು ಬಿಚ್ಚೋ ತನಕ ಆರನೇ ಸಾಲಿ ಬ್ಯಾಡ ಅಂತ ನಾನೇ ಹೋದ ವರ್ಷ ಮೀಟಿಂಗಿನ್ಯಾಗ ಹಟ ಹಿಡದಿದ್ದೆ.

ಆದ್ರ ಹೋದ ವಾರ ಸೇಡಂ ಕಡಿಯಿಂದ ನಾಲ್ಕು ಮಂದಿ ಬಂದಿದ್ರು, ಇಬ್ಬರು ಗಂಡಸರು ಇಬ್ಬರು ಹೆಣ್ಣುಮಕ್ಕಳು. ಅಲ್ಲೂ ಐದನೇತ್ತಿ ತನಕ ಅಷ್ಟೇ. ಚಹಾ ಕುಡದು, ಕಲ್ಲಿನ ಮುಂದ ಭಾಳ ಹೊತ್ತು ನಿಂತು ಓದಿದ್ರು. ನಾ ಸಾಲಿ ಮಾತು ಆಡ್ಲಿಲ್ಲ. ವರ್ಷ ತುಂಬ ಸಂಜಿ ಸಾಲಿ ನಡಸ್ರಿ, ಆಮ್ಯಾಲ ನೋಡೋಣ ಅಂದೆ. ಸಪ್ಪಗ ಮಾರಿ ಮಾಡ್ಕೊಂಡು ಹೋದ್ರು, ಇನ್ನ ಬರಂಗಿಲ್ಲ ಅನ್ಕೊಂಡೆ.

ನಿನ್ನಿ ರಾತ್ರಿ ಒಂಬತ್ತಕ್ಕ ಫೋನ್ ಬಂತು, ಆ ಇಬ್ಬರು ಹೆಣ್ಣುಮಕ್ಕಳೊಳಗ ಒಬ್ಬಾಕಿ. ಇವತ್ತು ಸುರು ಮಾಡಿದ್ವ್ರಿ ಅಂದ್ಲು. ಮರಗಮ್ಮನ ಗುಡಿ ಪಡಸಾಲ್ಯಾಗ ಒಂಬತ್ತು ಹುಡುಗೇರು ಬಂದಿದ್ರಂತ, ನಡುವ ಲೈಟ್ ಹೋತಂತ, ಯಾರೋ ಹೋಗಿ ಮನಿಯಿಂದ ದೀಪ ತಂದ್ರಂತ. ತಾಯಂದ್ರು ಬಂದಿದ್ರೇನು ಅಂತ ಕೇಳಿದೆ. ಬಂದಾರ್ರಿ, ಬಾಗಲಾಗ ಕುಂತಾರ, ಇನ್ನಾ ಎದ್ದಿಲ್ಲ ಅಂದ್ಲು.